ಗಡಿಯಾರ ತಿರುಗಿಸುವುದು ಇರಲೋ, ಹೋಗಲೋ? ಓದುಗರ ಪ್ರಶ್ನೆಗಳಿಗೆ ಉತ್ತರ

ಯುರೋಪು, ಉತ್ತರ ಅಮೆರಿಕ ಮತ್ತು ಇನ್ನೂ ಕೆಲವು ದೇಶಗಳಲ್ಲಿ ವಸಂತದಲ್ಲಿ ಗಡಿಯಾರವನ್ನು ಒಂದು ಗಂಟೆ ಮುಂದಕ್ಕೂ ಶರತ್ಕಾಲದಲ್ಲಿ ಒಂದು ಗಂಟೆ ಹಿಂದಕ್ಕೂ ತಿರುಗಿಸುತ್ತಾರೆ. ಮುಂದಿಟ್ಟ ತಿಂಗಳುಗಳದ್ದು ಬೇಸಿಗೆ ಸಮಯ, ಅಂದರೆ ಡೇಲೈಟ್ ಸೇವಿಂಗ್ ಟೈಮ್. ಉಳಿದದ್ದು ಸ್ಟ್ಯಾಂಡರ್ಡ್ ಟೈಮ್. ಈ ಪದ್ಧತಿಯ ಬಗ್ಗೆ ಬಂದ ಪತ್ರಗಳಿಗೆ ಈ ಸಲದ ಅಂಕಣ ಪೂರ್ತಿ ಮೀಸಲು.

ಪ್ರಶ್ನೆ: ರೈತರಿಗೆ ಅನುಕೂಲವಾಗಲಿ ಎಂದೇ ಇದನ್ನು ತಂದರಂತೆ. ನಿಜವೇ?

ಉತ್ತರ: ನಿಜವಲ್ಲ. ಇದನ್ನು ಹಟ ಹಿಡಿದು ವಿರೋಧಿಸಿದವರೇ ರೈತರು. ಹುಲ್ಲು ಕೊಯ್ಯಬೇಕಾದರೆ ಇಬ್ಬನಿ ಆರಬೇಕು. ಇಬ್ಬನಿ ಆರುವುದು ಬಿಸಿಲಿಗೆ, ಗಡಿಯಾರಕ್ಕಲ್ಲ. ಆದರೆ ಕೂಲಿಯವರು ಮನೆಗೆ ಹೊರಡುವುದು, ಹಾಲಿನ ರೈಲು ಬಿಡುವುದು ಗಡಿಯಾರ ನೋಡಿ. ಹೀಗಾಗಿ ಬೆಳಗಿನ ಒಂದು ಗಂಟೆ ಕೆಲಸ ರೈತರ ಕೈತಪ್ಪಿತು. ಅಮೆರಿಕದಲ್ಲಿ 1918ರಲ್ಲಿ ಬಂದ ಬೇಸಿಗೆ ಸಮಯವನ್ನು ಮರುವರ್ಷವೇ ರದ್ದು ಮಾಡಿದ್ದು ಅವರ ಒತ್ತಡದಿಂದ. ಅಧ್ಯಕ್ಷ ವಿಲ್ಸನ್ ಅವರ ವೀಟೋವನ್ನೂ ಮೀರಿ ಕಾಂಗ್ರೆಸ್ ಅದನ್ನು ತೆಗೆದುಹಾಕಿತು.

ಮೊದಲು ಇದನ್ನು ಸೂಚಿಸಿದವರು ನ್ಯೂಜಿಲೆಂಡಿನ ಕೀಟಶಾಸ್ತ್ರಜ್ಞ ಜಾರ್ಜ್ ಹಡ್ಸನ್, 1895ರಲ್ಲಿ. ಬೇಸಿಗೆಯಲ್ಲಿ ಎರಡು ಗಂಟೆ ಮುಂದಿಡಬೇಕು ಎಂಬುದು ಅವರ ಸಲಹೆ. 1907ರಲ್ಲಿ ಇಂಗ್ಲೆಂಡಿನ ಕಟ್ಟಡ ನಿರ್ಮಾಪಕ ವಿಲಿಯಂ ವಿಲೆಟ್ ಬೇರೆ ಲೆಕ್ಕ ಮುಂದಿಟ್ಟರು: ಏಪ್ರಿಲ್ ತಿಂಗಳ ನಾಲ್ಕು ಭಾನುವಾರ 20 ನಿಮಿಷದಂತೆ ಒಟ್ಟು 80 ನಿಮಿಷ ಮುಂದಕ್ಕೆ, ಸೆಪ್ಟೆಂಬರಿನಲ್ಲಿ ಹಾಗೆಯೇ ಹಿಂದಕ್ಕೆ. ಅವರು 1915ರಲ್ಲಿ ತೀರಿಕೊಂಡರು. ಮರುವರ್ಷ, 1916ರ ಏಪ್ರಿಲ್ 30ರಂದು, ಯುದ್ಧಕಾಲದ ಕಲ್ಲಿದ್ದಲು ಉಳಿಸಲು ಜರ್ಮನಿ ಮತ್ತು ಆಸ್ಟ್ರಿಯಾ-ಹಂಗರಿ ಇದನ್ನು ಜಾರಿಗೆ ತಂದವು. ಮೂರು ವಾರದಲ್ಲಿ ಬ್ರಿಟನ್ನೂ ತಂದಿತು.

ಪ್ರಶ್ನೆ: ಇದರಿಂದ ವಿದ್ಯುತ್ ಉಳಿಯುತ್ತದೆಯೇ?

ಉತ್ತರ: ಉಳಿದರೂ ಹೇಳಿಕೊಳ್ಳುವಷ್ಟಿಲ್ಲ. ಅಮೆರಿಕದಲ್ಲಿ 2007ರಿಂದ ಬೇಸಿಗೆ ಸಮಯವನ್ನು ನಾಲ್ಕೈದು ವಾರ ಉದ್ದ ಮಾಡಿದರು. ಹಾಗೆ ಸೇರಿದ ದಿನಗಳಲ್ಲಿ ದಿನಕ್ಕೆ ಸುಮಾರು 0.5% ವಿದ್ಯುತ್ ಉಳಿಯಿತು, ಇಡೀ ವರ್ಷದ ಬಳಕೆಗೆ ಹೋಲಿಸಿದರೆ ಅದು 0.03% ಎಂದು ಅಲ್ಲಿನ ಇಂಧನ ಇಲಾಖೆ 2008ರಲ್ಲಿ ಲೆಕ್ಕ ಕೊಟ್ಟಿತು. ಇಂಡಿಯಾನಾ ರಾಜ್ಯದಲ್ಲಿ ಆದದ್ದು ಇನ್ನೂ ಕಣ್ಣು ತೆರೆಸುವಂಥದ್ದು. ಅಲ್ಲಿನ ಬಹುಪಾಲು ಜಿಲ್ಲೆಗಳು 2006ರವರೆಗೆ ಗಡಿಯಾರ ತಿರುಗಿಸುತ್ತಿರಲಿಲ್ಲ. ತಿರುಗಿಸಲು ಶುರುವಾದ ಮೇಲೆ ಮನೆಗಳ ವಿದ್ಯುತ್ ಬಳಕೆ ಸುಮಾರು 1% ಏರಿತು. ಸಂಜೆ ದೀಪದ ಖರ್ಚು ಕಡಿಮೆಯಾಯಿತು, ನಿಜ. ಆದರೆ ಜನ ಬಿಸಿಲು ಇರುವಾಗಲೇ ಮನೆಗೆ ಬಂದು ಏಸಿ ಹಾಕಿದರು. ವಸಂತ, ಶರತ್ಕಾಲಗಳಲ್ಲಿ ಚಳಿಯ ನಸುಕಿನಲ್ಲೇ ಎದ್ದು ಹೀಟರ್ ಹಾಕಿದರು.

1916ರಲ್ಲಿ ಮನೆಯ ವಿದ್ಯುತ್ತೆಂದರೆ ಬಹುಪಾಲು ದೀಪವೇ. ಇಂದು ಎಲ್‌ಇಡಿ ದೀಪದ ಪಾಲು ತೀರಾ ಸಣ್ಣದು. ಉಳಿತಾಯದ ವಾದ ಹುಟ್ಟಿದ ಕಾಲದಲ್ಲಿ ಸರಿಯಿತ್ತು, ಈಗ ಅದಕ್ಕೆ ನೆಲೆ ಇಲ್ಲ.

ಪ್ರಶ್ನೆ: ಬರೀ ಒಂದು ಗಂಟೆ ನಿದ್ದೆ ತಪ್ಪಿದರೆ ಏನಾಗುತ್ತದೆ? ವಿಮಾನದಲ್ಲಿ ಹೋಗುವವರು ಎಂಟು ಗಂಟೆಯ ವ್ಯತ್ಯಾಸ ತಡೆದುಕೊಳ್ಳುವುದಿಲ್ಲವೇ?

ಉತ್ತರ: ವಿಮಾನದಲ್ಲಿ ಹೋದವರಿಗೆ ಹೊಸ ಊರಿನ ಸೂರ್ಯ ಸಹಾಯಕ್ಕೆ ಬರುತ್ತಾನೆ. ಗಡಿಯಾರ ಮಾತ್ರ ತಿರುಗಿದಾಗ ಸೂರ್ಯ ಹಳೆಯ ಜಾಗದಲ್ಲೇ ಇರುತ್ತಾನೆ, ಕಚೇರಿ ಮಾತ್ರ ಒಂದು ಗಂಟೆ ಮೊದಲೇ ತೆರೆಯುತ್ತದೆ. ಅಲ್ಲದೆ ನಮ್ಮ ದೇಹದ ಒಳಗಿನ ಗಡಿಯಾರದ ಸುತ್ತು ಸರಾಸರಿ 24 ಗಂಟೆಗಿಂತ ತುಸು ಉದ್ದ. ಆದ್ದರಿಂದ ತಡವಾಗಿ ಮಲಗುವುದು ಸುಲಭ, ಬೇಗ ಮಲಗುವುದು ಕಷ್ಟ. ಶರತ್ಕಾಲದ ಬದಲಾವಣೆ ಹಗುರವೆನಿಸಿ ವಸಂತದ್ದು ಭಾರವಾಗುವುದು ಇದಕ್ಕೇ.

ಸ್ವೀಡನ್ನಿನ ದಾಖಲೆಗಳನ್ನು ಪರಿಶೀಲಿಸಿದ 2008ರ ಅಧ್ಯಯನದಲ್ಲಿ ವಸಂತದ ಬದಲಾವಣೆಯ ನಂತರದ ವಾರ ಹೃದಯಾಘಾತಗಳು ಸುಮಾರು 5% ಹೆಚ್ಚಿದ್ದವು. ಅಮೆರಿಕದಲ್ಲಿ ಅದೇ ವಾರ ಸಾವು ತರುವ ವಾಹನ ಅಪಘಾತಗಳು ಸುಮಾರು 6% ಏರುತ್ತವೆ ಎಂದು 2020ರ ಅಧ್ಯಯನ ತೋರಿಸಿತು. ಈ ಅಂಕಿಗಳನ್ನು ಉಬ್ಬಿಸಿ ಹೇಳುವುದು ತಪ್ಪು. ಮಿಶಿಗನ್ ರಾಜ್ಯದಲ್ಲಿ ಆ ಸೋಮವಾರ ಹೃದಯಾಘಾತ 24% ಹೆಚ್ಚಿತು ಎಂಬ ಸುದ್ದಿ ಪದೇ ಪದೇ ಬರುತ್ತದೆ, ಆದರೆ ಅದೇ ಅಧ್ಯಯನದಲ್ಲಿ ಇಡೀ ವಾರದ ಒಟ್ಟು ಸಂಖ್ಯೆ ಬದಲಾಗಿರಲಿಲ್ಲ. ಅಂದರೆ ಹೇಗೂ ಆಗಲಿದ್ದ ಕೆಲವು ಆಘಾತಗಳು ಒಂದೆರಡು ದಿನ ಮೊದಲೇ ಆದವು. ಅಪಘಾತದ ಸಾವಿಗೆ ಈ ಸಮಾಧಾನ ಹೇಳುವಂತಿಲ್ಲ.

ಪ್ರಶ್ನೆ: ಇಷ್ಟೆಲ್ಲ ತೊಂದರೆ ಇದ್ದರೆ ಕಿತ್ತುಹಾಕಿದರಾಯಿತಲ್ಲ? ಬೇಸಿಗೆ ಸಮಯವನ್ನೇ ವರ್ಷವಿಡೀ ಇಟ್ಟುಕೊಂಡರೆ ಸಂಜೆ ಬೆಳಕೂ ಸಿಗುತ್ತದೆ.

ಉತ್ತರ: ಎಲ್ಲರೂ ಎಡವುವುದು ಇಲ್ಲೇ. 'ಗಡಿಯಾರ ತಿರುಗಿಸುವುದು ಬೇಡ' ಎಂದರೆ ಬಹುಮಂದಿ ಹೌದೆನ್ನುತ್ತಾರೆ. 'ಹಾಗಾದರೆ ಯಾವ ಸಮಯದಲ್ಲಿ ನಿಲ್ಲಿಸೋಣ' ಎಂದ ಕೂಡಲೇ ಒಮ್ಮತ ಮುರಿಯುತ್ತದೆ. ಬೇಸಿಗೆ ಸಮಯ ವರ್ಷವಿಡೀ ಬೇಕೆನ್ನುವವರು ಜೂನ್ ತಿಂಗಳ ಸಂಜೆಯನ್ನು ನೆನೆದು ಹೇಳುತ್ತಾರೆ. ತೊಂದರೆ ಬರುವುದು ಡಿಸೆಂಬರಿನ ಬೆಳಗ್ಗೆ. ಲಂಡನ್ನಿನಲ್ಲಿ ಜೂನ್ ಕೊನೆಗೆ ಹಗಲು 16 ಗಂಟೆ 38 ನಿಮಿಷ, ಡಿಸೆಂಬರಿನಲ್ಲಿ ಎಂಟು ಗಂಟೆಯೂ ಇಲ್ಲ. ಎಂಟು ಗಂಟೆಯ ಬೆಳಕನ್ನು ಸಂಜೆಯತ್ತ ಎಳೆದರೆ ಬೆಳಗ್ಗೆ ಬರಿದಾಗುತ್ತದೆ. ಚಳಿಗಾಲದ ನಡುವೆ ಅಲ್ಲಿ ಸೂರ್ಯ ಹುಟ್ಟುವುದೇ 8 ದಾಟಿದ ಮೇಲೆ. ಬೇಸಿಗೆ ಸಮಯ ಉಳಿಸಿಕೊಂಡರೆ 9 ದಾಟುತ್ತದೆ, ಗ್ಲಾಸ್ಗೋದಲ್ಲಿ ಪೌನೆ ಹತ್ತು.

ಇದನ್ನು ಮೂರು ದೊಡ್ಡ ದೇಶಗಳು ಮಾಡಿ ನೋಡಿವೆ. ಬ್ರಿಟನ್ 1968ರ ಅಕ್ಟೋಬರಿನಿಂದ ಮೂರು ವರ್ಷ ಗಡಿಯಾರವನ್ನು ಒಂದು ಗಂಟೆ ಮುಂದೆಯೇ ಇಟ್ಟಿತ್ತು. 1970ರ ಡಿಸೆಂಬರಿನಲ್ಲಿ ಸಂಸತ್ತು ಅದನ್ನು 366–81 ಮತಗಳಿಂದ ಕೈಬಿಟ್ಟಿತು. ಕತ್ತಲಲ್ಲಿ ಶಾಲೆಗೆ ಹೋಗುವ ಮಕ್ಕಳು, ಬೆಳಗಿನ ಜಾವ ಕೆಲಸ ಶುರು ಮಾಡುವ ಕಟ್ಟಡ ಕಾರ್ಮಿಕರು, ಹೈನುಗಾರರು, ಸ್ಕಾಟ್ಲೆಂಡಿನ ಜನ ಇದರ ಹೊರೆ ಹೊತ್ತಿದ್ದರು. ಆ ವರ್ಷಗಳಲ್ಲಿ ಬೆಳಗಿನ ಅಪಘಾತ ಹೆಚ್ಚಿ ಸಂಜೆಯವು ಅದಕ್ಕಿಂತ ಹೆಚ್ಚು ತಗ್ಗಿದವು ಎಂಬ ಲೆಕ್ಕವೂ ಇದೆ. ಆದರೆ ಕುಡಿದು ವಾಹನ ಓಡಿಸುವವರ ಉಸಿರು ಪರೀಕ್ಷೆ 1967ರಲ್ಲಷ್ಟೇ ಜಾರಿಗೆ ಬಂದಿತ್ತು. ತಗ್ಗಿದ್ದರಲ್ಲಿ ಗಡಿಯಾರದ ಪಾಲೆಷ್ಟು, ಆ ಕಾನೂನಿನ ಪಾಲೆಷ್ಟು ಎಂದು ಬಿಡಿಸುವುದು ಕಷ್ಟ.

ಅಮೆರಿಕ ತೈಲ ಬಿಕ್ಕಟ್ಟಿನ ವೇಳೆ 1974ರ ಜನವರಿ 6ರಂದು ಪ್ರಯೋಗಕ್ಕೆಂದು ಇದನ್ನು ಶುರು ಮಾಡಿತು. ಮೊದಲ ಚಳಿಗಾಲಕ್ಕೇ ಜನ ಬೇಸತ್ತರು. ಅದೇ ಅಕ್ಟೋಬರಿನಲ್ಲಿ ಸ್ಟ್ಯಾಂಡರ್ಡ್ ಟೈಮ್ ಮರಳಿತು. ರಷ್ಯಾ 2011ರಲ್ಲಿ ಬೇಸಿಗೆ ಸಮಯಕ್ಕೆ ನಿಂತು, 2014ರ ಅಕ್ಟೋಬರ್ 26ರಂದು ಅದನ್ನು ಬಿಟ್ಟು ಚಳಿಗಾಲದ ಸಮಯಕ್ಕೆ ಬಂತು.

ಹಾಗಾಗಿ ನಮ್ಮ ನಿಲುವನ್ನು ಮುಚ್ಚುಮರೆಯಿಲ್ಲದೆ ಹೇಳುತ್ತೇವೆ: ತಿರುಗಿಸುವುದನ್ನು ನಿಲ್ಲಿಸಬೇಕು, ನಿಲ್ಲಿಸುವುದಾದರೆ ಸ್ಟ್ಯಾಂಡರ್ಡ್ ಟೈಮಿನಲ್ಲೇ ನಿಲ್ಲಿಸಬೇಕು. ದೇಹದ ಗಡಿಯಾರವನ್ನು ಸರಿಪಡಿಸುವುದು ಬೆಳಗಿನ ಬೆಳಕು. ಅಮೆರಿಕದ ನಿದ್ರಾ ವೈದ್ಯರ ಅಕಾಡೆಮಿ 2020ರಲ್ಲಿ ಹೇಳಿದ್ದೂ ಇದನ್ನೇ. ಇದಕ್ಕೆ ತೆರಬೇಕಾದ ಬೆಲೆ ಏನೆಂಬುದನ್ನೂ ಮರೆಸಬಾರದು. ವಾರ್ಸಾದಲ್ಲಿ ಜೂನ್ ತಿಂಗಳಲ್ಲಿ ಈಗ 4:14ಕ್ಕೆ ಹುಟ್ಟುವ ಸೂರ್ಯ 3:14ಕ್ಕೇ ಹುಟ್ಟುತ್ತಾನೆ, ಸಂಜೆಯ ಆಟದ ಒಂದು ಗಂಟೆ ಹೋಗುತ್ತದೆ. ನಸುಕಿನ ಬೆಳಕನ್ನು ದಪ್ಪ ಪರದೆ ಹಾಕಿ ತಡೆಯಬಹುದು; ಡಿಸೆಂಬರಿನ ಒಂಬತ್ತು ಗಂಟೆಯ ಕತ್ತಲಿಗೆ ಅಂಥ ಉಪಾಯವಿಲ್ಲ.

ಪ್ರಶ್ನೆ: ಒಂದು ಊರಿನ ಗಡಿಯಾರ ಸೂರ್ಯನಿಂದ ಎಷ್ಟು ದೂರ ಸರಿದಿದೆ ಎಂದು ಲೆಕ್ಕ ಹಾಕುವುದು ಹೇಗೆ?

ಉತ್ತರ: ಭೂಮಿ ಒಂದು ಡಿಗ್ರಿ ತಿರುಗಲು 4 ನಿಮಿಷ ಬೇಕು. ಊರಿನ ರೇಖಾಂಶ ನೋಡಿ, ಅದರ ಸಮಯ ವಲಯದ ಮೂಲ ರೇಖಾಂಶ ನೋಡಿ, ವ್ಯತ್ಯಾಸವನ್ನು 4ರಿಂದ ಗುಣಿಸಿ. ಮ್ಯಾಡ್ರಿಡ್ ಇರುವುದು ಪಶ್ಚಿಮಕ್ಕೆ 3.7 ಡಿಗ್ರಿಯಲ್ಲಿ, ಅದು ಅನುಸರಿಸುವ ಮಧ್ಯ ಯುರೋಪಿನ ಸಮಯ ಪೂರ್ವಕ್ಕೆ 15 ಡಿಗ್ರಿಯದ್ದು. ವ್ಯತ್ಯಾಸ 18.7 ಡಿಗ್ರಿ, ಅಂದರೆ 75 ನಿಮಿಷ. ಆದ್ದರಿಂದ ಅಲ್ಲಿ ಚಳಿಗಾಲದಲ್ಲಿ ನಡುಹಗಲು ಸುಮಾರು 1:15ಕ್ಕೆ, ಬೇಸಿಗೆಯಲ್ಲಿ 2:15ಕ್ಕೆ. ಭೂಮಿಯ ಪಥದ ಕಾರಣದಿಂದ ಇದು ವರ್ಷದಲ್ಲಿ ಕಾಲು ಗಂಟೆಯಷ್ಟು ಆಚೀಚೆ ಆಗುತ್ತದೆ. ಸ್ಪೇನ್ ಹಿಂದೆ ಗ್ರೀನಿಚ್ ಸಮಯದಲ್ಲೇ ಇತ್ತು. 1940ರ ಮಾರ್ಚಿನಲ್ಲಿ ಒಂದು ಗಂಟೆ ಮುಂದಿಟ್ಟದ್ದು ಹಾಗೆಯೇ ಉಳಿಯಿತು. ಇಂಥ ದೇಶಕ್ಕೆ ಬೇಸಿಗೆ ಸಮಯ ಬಿಡುವುದಷ್ಟೇ ಸಾಲದು, ವಲಯವನ್ನೂ ಮತ್ತೆ ನೋಡಬೇಕಾಗುತ್ತದೆ.

ಪ್ರಶ್ನೆ: ಯುರೋಪಿನ ಸಂಸತ್ತು ಇದನ್ನು ರದ್ದು ಮಾಡಿತೆಂದು ಓದಿದ್ದೆ. ಮತ್ತೆ ಈಗಲೂ ಯಾಕೆ ತಿರುಗಿಸುತ್ತಿದ್ದಾರೆ?

ಉತ್ತರ: 2018ರಲ್ಲಿ ಐರೋಪ್ಯ ಆಯೋಗ ಜನರ ಅಭಿಪ್ರಾಯ ಕೇಳಿದಾಗ 46 ಲಕ್ಷ ಉತ್ತರಗಳು ಬಂದವು, 84% ಮಂದಿ ಬೇಡವೆಂದರು. ಉತ್ತರಿಸಿದವರಲ್ಲಿ ಹೆಚ್ಚಿನವರು ಜರ್ಮನಿಯವರೇ ಎಂಬುದನ್ನು ಮರೆಯಬಾರದು. 2019ರ ಮಾರ್ಚ್ 26ರಂದು ಸಂಸತ್ತು 410–192 ಮತಗಳಿಂದ 2021ಕ್ಕೆ ನಿಲ್ಲಿಸಲು ಒಪ್ಪಿತು. ಆದರೆ ಕಾನೂನಾಗಲು ಸದಸ್ಯ ಸರ್ಕಾರಗಳ ಮಂಡಳಿಯ ಒಪ್ಪಿಗೆಯೂ ಬೇಕು. ಯಾವ ಸಮಯಕ್ಕೆ ನಿಲ್ಲಬೇಕೆಂಬುದನ್ನು ಆಯಾ ದೇಶಕ್ಕೇ ಬಿಟ್ಟದ್ದರಿಂದ ಅಕ್ಕಪಕ್ಕದ ದೇಶಗಳು ಬೇರೆ ಬೇರೆ ಸಮಯ ಹಿಡಿದರೆ ಗತಿ ಏನು ಎಂಬ ಅಳುಕು ಹುಟ್ಟಿತು. ದ್ವೀಪದ ಉತ್ತರ ಭಾಗ ಬ್ರಿಟನ್ನಿಗೆ ಸೇರಿದ್ದರಿಂದ ಐರ್ಲೆಂಡಿಗಂತೂ ಒಂದೇ ದ್ವೀಪದಲ್ಲಿ ಎರಡು ಸಮಯ ಬರುವ ಭಯ. ಕಡತ ಅಲ್ಲೇ ನಿಂತಿತು.

ಅಮೆರಿಕದಲ್ಲೂ ಸೆನೆಟ್ 2022ರ ಮಾರ್ಚಿನಲ್ಲಿ ಶಾಶ್ವತ ಬೇಸಿಗೆ ಸಮಯದ ಮಸೂದೆ ಒಪ್ಪಿತು, ಕೆಳಮನೆ ಅದನ್ನು ಎತ್ತಿಕೊಳ್ಳಲಿಲ್ಲ. ಈಗಿನ ಕಾನೂನಿನಂತೆ ಅಲ್ಲಿನ ರಾಜ್ಯಗಳು ಸ್ಟ್ಯಾಂಡರ್ಡ್ ಟೈಮಿನಲ್ಲಿ ಉಳಿಯಬಹುದು, ಹವಾಯಿ ಮತ್ತು ಅರಿಜೋನಾದ ಬಹುಭಾಗ ಹಾಗೇ ಇವೆ. ಬೇಸಿಗೆ ಸಮಯದಲ್ಲಿ ಉಳಿಯಲು ಮಾತ್ರ ಕಾಂಗ್ರೆಸ್ ಒಪ್ಪಬೇಕು. ಬ್ರೆಜಿಲ್ 2019ರಲ್ಲಿ, ಮೆಕ್ಸಿಕೋದ ಬಹುಭಾಗ 2022ರಲ್ಲಿ ಬಿಟ್ಟಾಯಿತು. ಈಜಿಪ್ಟ್ 2023ರಲ್ಲಿ ಮತ್ತೆ ಶುರು ಮಾಡಿತು.

ಪ್ರಶ್ನೆ: ಬೇರೆ ಬೇರೆ ಖಂಡಗಳ ಜೊತೆ ವಾರದ ಮೀಟಿಂಗ್ ಇರುತ್ತದೆ. ಮಾರ್ಚ್‌ನಲ್ಲಿ ಪ್ರತಿ ವರ್ಷ ಯಾರಾದರೂ ಒಂದು ಗಂಟೆ ತಪ್ಪಿ ಬರುತ್ತಾರೆ. ಪರಿಹಾರವೇನು?

ಉತ್ತರ: ಅಮೆರಿಕ ತಿರುಗಿಸುವುದು ಮಾರ್ಚ್‌ನ ಎರಡನೇ ಭಾನುವಾರ ಮತ್ತು ನವೆಂಬರಿನ ಮೊದಲ ಭಾನುವಾರ. ಯುರೋಪ್ ತಿರುಗಿಸುವುದು ಮಾರ್ಚ್ ಮತ್ತು ಅಕ್ಟೋಬರಿನ ಕೊನೆಯ ಭಾನುವಾರ. ಹಾಗಾಗಿ ವಸಂತದಲ್ಲಿ ಎರಡು ಅಥವಾ ಮೂರು ವಾರ, ಶರತ್ಕಾಲದಲ್ಲಿ ಸರಿಯಾಗಿ ಒಂದು ವಾರ ನ್ಯೂಯಾರ್ಕ್–ಲಂಡನ್ ಅಂತರ 5 ಗಂಟೆಯ ಬದಲು 4 ಗಂಟೆ ಇರುತ್ತದೆ. 2026ರಲ್ಲಿ ಮಾರ್ಚ್ 8ರಿಂದ 29ರವರೆಗೆ, ಮತ್ತೆ ಅಕ್ಟೋಬರ್ 25ರಿಂದ ನವೆಂಬರ್ 1ರವರೆಗೆ. ದಕ್ಷಿಣಾರ್ಧ ಗೋಳದಲ್ಲಿ ದಿಕ್ಕೇ ತಿರುವುಮುರುವು: ಸಿಡ್ನಿ ಅಕ್ಟೋಬರಿನ ಮೊದಲ ಭಾನುವಾರ ಮುಂದಿಡುತ್ತದೆ, ಏಪ್ರಿಲ್‌ನ ಮೊದಲ ಭಾನುವಾರ ಹಿಂದಿಡುತ್ತದೆ. ಲಂಡನ್–ಸಿಡ್ನಿ ಅಂತರ ವರ್ಷದಲ್ಲಿ 9, 10, 11 ಗಂಟೆ ಮೂರೂ ಆಗುತ್ತದೆ.

ಮೀಟಿಂಗಿಗೆ ಒಂದು ಊರನ್ನು 'ಯಜಮಾನ ಊರು' ಎಂದು ಗೊತ್ತುಮಾಡಿ. ಕ್ಯಾಲೆಂಡರಿನಲ್ಲಿ ಆ ಊರಿನ ವಲಯವನ್ನೇ ಆರಿಸಿ ಮೀಟಿಂಗ್ ಹಾಕಿ, ಉಳಿದವರ ಕ್ಯಾಲೆಂಡರ್ ತಾನೇ ಸರಿಯುತ್ತದೆ. ಮೇಲ್‌ನಲ್ಲಿ 'ಇಎಸ್‌ಟಿ 10 ಗಂಟೆ' ಎಂದು ಬರೆಯುವುದು ಬಿಡಿ. ಇಎಸ್‌ಟಿ ಎಂದರೆ ಅಮೆರಿಕದ ಪೂರ್ವ ಭಾಗದ ಸ್ಟ್ಯಾಂಡರ್ಡ್ ಟೈಮ್. ಬೇಸಿಗೆಯಲ್ಲಿ ನ್ಯೂಯಾರ್ಕ್ ಇರುವುದು ಇಡಿಟಿಯಲ್ಲಿ, ಅಂದರೆ ಅಲ್ಲಿನ ಬೇಸಿಗೆ ಸಮಯದಲ್ಲಿ. ಅಕ್ಷರವನ್ನು ಅಕ್ಷರಶಃ ನಂಬಿದವರು ಒಂದು ಗಂಟೆ ತಡವಾಗಿ ಬರುತ್ತಾರೆ. 'ನ್ಯೂಯಾರ್ಕ್ ಸಮಯ 10' ಎಂದರೆ ಸಾಕು.

ಪ್ರಶ್ನೆ: ನಮ್ಮ ಸಾಫ್ಟ್‌ವೇರಿನಲ್ಲಿ ಎಲ್ಲ ಸಮಯವನ್ನೂ ಯುಟಿಸಿಯಲ್ಲಿ, ಅಂದರೆ ಎಂದೂ ತಿರುಗಿಸದ ವಿಶ್ವ ಸಮಯದಲ್ಲಿ, ಇಡುತ್ತೇವೆ. ಆದರೂ ತಪ್ಪಾಗುತ್ತಿದೆ, ಯಾಕೆ?

ಉತ್ತರ: ಆಗಿಹೋದ ಘಟನೆಗಳಿಗೆ ಯುಟಿಸಿ ಸರಿ. ಮುಂದೆ ಆಗಬೇಕಾದ್ದಕ್ಕೆ ಅದು ಸಾಲದು. 2022ರ ಆರಂಭದಲ್ಲಿ ಯಾರೋ ಮೆಕ್ಸಿಕೋ ನಗರದಲ್ಲಿ 2023ರ ಮೇ ತಿಂಗಳ ಬೆಳಗ್ಗೆ 9ಕ್ಕೆ ಒಂದು ಭೇಟಿ ಗೊತ್ತುಮಾಡಿದರು ಎಂದುಕೊಳ್ಳಿ. ಆಗಿನ ನಿಯಮದಂತೆ ಅದು ಯುಟಿಸಿ 14:00. ಅಕ್ಟೋಬರಿನಲ್ಲಿ ಬೇಸಿಗೆ ಸಮಯ ರದ್ದಾಯಿತು. ಡೇಟಾಬೇಸಿನಲ್ಲಿ ಕೂತಿದ್ದ 14:00 ಈಗ ಅಲ್ಲಿನ 8 ಗಂಟೆಯಾಯಿತು. ಆದ್ದರಿಂದ ಮುಂದಿನ ಭೇಟಿಗಳಿಗೆ ಸ್ಥಳೀಯ ಗಂಟೆಯನ್ನೂ ವಲಯದ ಹೆಸರನ್ನೂ ಇಟ್ಟುಕೊಳ್ಳಿ. ಯುಟಿಸಿಯನ್ನು ಬೇಕಾದಾಗ ಅದರಿಂದ ಲೆಕ್ಕ ಹಾಕಿ. ವಲಯವೆಂದರೆ 'ಅಮೆರಿಕ/ಮೆಕ್ಸಿಕೋ ಸಿಟಿ' ಎಂಬಂಥ ಹೆಸರು, ಮೈನಸ್ 6 ಎಂಬ ಅಂಕಿಯಲ್ಲ.

ಆ ಹೆಸರುಗಳ ಹಿಂದಿನ ನಿಯಮಗಳು ಐಎಎನ್‌ಎ ಎಂಬ ಇಂಟರ್‌ನೆಟ್ ಸಂಸ್ಥೆಯ ಸಮಯ ವಲಯ ಡೇಟಾಬೇಸಿನಲ್ಲಿರುತ್ತವೆ. ಸರ್ವರ್, ಪ್ರೋಗ್ರಾಮಿಂಗ್ ಭಾಷೆಯ ರನ್‌ಟೈಮ್, ಡೇಟಾಬೇಸ್, ಮೊಬೈಲ್ ಪ್ರತಿಯೊಂದರಲ್ಲೂ ಅದರ ಬೇರೆ ಪ್ರತಿ ಇರಬಹುದು. ಒಂದನ್ನು ಅಪ್‌ಡೇಟ್ ಮಾಡಿ ಇನ್ನೊಂದನ್ನು ಮರೆತರೆ ಅದೇ ಭೇಟಿ ಎರಡು ಕಡೆ ಎರಡು ಗಂಟೆ ತೋರಿಸುತ್ತದೆ. 2023ರ ಮಾರ್ಚಿನಲ್ಲಿ ಲೆಬನಾನ್ ಸರ್ಕಾರ ಬೇಸಿಗೆ ಸಮಯವನ್ನು ಮುಂದೂಡಿದ್ದು ಜಾರಿಗೆ ಕೆಲವೇ ದಿನ ಮೊದಲು. ಹಲವು ಸಂಸ್ಥೆಗಳು ಒಪ್ಪದೆ ದೇಶದಲ್ಲಿ ಎರಡು ಸಮಯ ನಡೆದು, ಕೆಲವೇ ದಿನಗಳಲ್ಲಿ ಆದೇಶ ವಾಪಸಾಯಿತು. ಅಂಥ ಆತುರಕ್ಕೆ ಯಾವ ಅಪ್‌ಡೇಟೂ ಸಮಯಕ್ಕೆ ತಲುಪುವುದಿಲ್ಲ.

ಇನ್ನೊಂದು ಸಾಮಾನ್ಯ ತಪ್ಪು, 'ನಾಳೆ ಇದೇ ಹೊತ್ತಿಗೆ' ಎಂಬುದಕ್ಕೆ 86,400 ಸೆಕೆಂಡು ಕೂಡಿಸುವುದು. ವಸಂತದ ಆ ದಿನ 23 ಗಂಟೆಯದು, ಶರತ್ಕಾಲದ್ದು 25 ಗಂಟೆಯದು. 15 ನಿಮಿಷಕ್ಕೊಮ್ಮೆ ಅಳೆಯುವ ವಿದ್ಯುತ್ ಮೀಟರಿನಲ್ಲಿ ದಿನಕ್ಕೆ 96 ಅಳತೆ. ಆ ಎರಡು ದಿನ 92 ಮತ್ತು 100. ಕೋಷ್ಟಕವನ್ನು 96 ಸಾಲಿಗೆ ಬಿಗಿದಿಟ್ಟವರ ಬಿಲ್ ಅಲ್ಲೇ ತಪ್ಪುತ್ತದೆ. ಗೊತ್ತಾದ ಹೊತ್ತಿಗೆ ಕಂಪ್ಯೂಟರ್ ತಾನೇ ನಡೆಸುವ ಕೆಲಸಗಳನ್ನು, ಅಂದರೆ ಕ್ರಾನ್ ಕೆಲಸಗಳನ್ನು, ಸ್ಥಳೀಯ ಸಮಯದ 1ರಿಂದ 3ರ ನಡುವೆ ಇಡಬೇಡಿ. ಅಮೆರಿಕದಲ್ಲಿ ವಸಂತದ ಆ ರಾತ್ರಿ 2:30 ಎಂಬುದೇ ಇರುವುದಿಲ್ಲ, ಶರತ್ಕಾಲದಲ್ಲಿ 1:30 ಎರಡು ಸಲ ಬರುತ್ತದೆ. ಕೆಲವು ಕ್ರಾನ್‌ಗಳು ಇದನ್ನು ತಾವೇ ಸರಿದೂಗಿಸುತ್ತವೆ, ಎಲ್ಲವೂ ಅಲ್ಲ. ಹಣ ಪಾವತಿಯಂಥ ಕೆಲಸ ಎರಡು ಸಲ ನಡೆದರೆ ಆಗುವ ಹಾನಿ ದೊಡ್ಡದು. ಅಂಥವನ್ನು ಯುಟಿಸಿಗೇ ಕಟ್ಟಿ, ಎರಡನೇ ಸಲ ಕರೆದರೂ ಮತ್ತೆ ಪಾವತಿಯಾಗದಂತೆ ಬರೆಯಿರಿ.

ಪ್ರಶ್ನೆ: ಆ ರಾತ್ರಿ ಪಾಳಿಯಲ್ಲಿ ಇದ್ದವರಿಗೆ ಎಷ್ಟು ಗಂಟೆಯ ಸಂಬಳ?

ಉತ್ತರ: ಗಂಟೆ ಲೆಕ್ಕದ ಕೂಲಿಗೆ ಅಮೆರಿಕದ ಕಾರ್ಮಿಕ ಕಾನೂನು ನಿಜವಾಗಿ ದುಡಿದ ಗಂಟೆ ನೋಡುತ್ತದೆ. ರಾತ್ರಿ 11ರಿಂದ ಬೆಳಗ್ಗೆ 7ರ ಪಾಳಿ ವಸಂತದಲ್ಲಿ 7 ಗಂಟೆ, ಶರತ್ಕಾಲದಲ್ಲಿ 9 ಗಂಟೆ. ಆ ಒಂಬತ್ತನೇ ಗಂಟೆಯಿಂದ ವಾರದ ಮೊತ್ತ 40 ದಾಟಿದರೆ ಓವರ್‌ಟೈಮ್ ಕೂಡ ಕೊಡಬೇಕು. ಒಳಬಂದ ಮತ್ತು ಹೊರಹೋದ ಹೊತ್ತನ್ನು ಬರೀ ಕಳೆದು ಲೆಕ್ಕ ಮಾಡುವ ಹಾಜರಿ ಯಂತ್ರ ಎರಡು ಸಲವೂ 8 ಎಂದೇ ತೋರಿಸುತ್ತದೆ. ಪಾಳಿಯವರು ತಮ್ಮ ಚೀಟಿಯನ್ನು ಆ ವಾರ ಖಂಡಿತ ನೋಡಿಕೊಳ್ಳಬೇಕು.

ಪ್ರಶ್ನೆ: ಎಳೆ ಮಗುವಿದೆ. ನಿದ್ದೆಯ ಹೊತ್ತು ಕೆಡದಂತೆ ಏನು ಮಾಡಬಹುದು? ಮನೆಯಲ್ಲಿ ಹಿರಿಯರು ಹೊತ್ತಿಗೆ ಸರಿಯಾಗಿ ಔಷಧಿಯನ್ನೂ ತೆಗೆದುಕೊಳ್ಳುತ್ತಾರೆ.

ಉತ್ತರ: ನಾಲ್ಕು ದಿನ ಮೊದಲೇ ಶುರು ಮಾಡಿ. ವಸಂತದಲ್ಲಾದರೆ ಮಲಗಿಸುವುದು, ಎಬ್ಬಿಸುವುದು, ಉಣಿಸುವುದು ಮೂರನ್ನೂ ದಿನಕ್ಕೆ 15 ನಿಮಿಷ ಬೇಗ ಮಾಡುತ್ತ ಬನ್ನಿ. ಶರತ್ಕಾಲದಲ್ಲಿ 15 ನಿಮಿಷ ತಡ. ಮಲಗುವ ಹೊತ್ತನ್ನು ಮಾತ್ರ ಸರಿಸಿ ಏಳುವುದನ್ನು ಹಾಗೇ ಬಿಟ್ಟರೆ ಪ್ರಯೋಜನವಿಲ್ಲ. ವಸಂತದಲ್ಲಿ ಎದ್ದ ಕೂಡಲೇ ಬೆಳಕಿಗೆ ಕರೆತನ್ನಿ, ಸಂಜೆ ದೀಪ ಮಂದ ಮಾಡಿ. ಹಸು ಕರೆಯುವವರೂ ಇದೇ ರೀತಿ ದಿನಕ್ಕೆ ಹತ್ತು ಹದಿನೈದು ನಿಮಿಷ ಸರಿಸುತ್ತಾರೆ, ಇಲ್ಲದಿದ್ದರೆ ಕೆಚ್ಚಲು ಬಿಗಿಯುತ್ತದೆ.

ದಿನಕ್ಕೊಂದು ಸಲದ ಮಾತ್ರೆಗಳಲ್ಲಿ ಹೆಚ್ಚಿನವಕ್ಕೆ ಒಂದು ಗಂಟೆ ವ್ಯತ್ಯಾಸ ತೊಂದರೆಯಲ್ಲ. ಹೊತ್ತು ತಪ್ಪಿದರೆ ಪರಿಣಾಮ ಕಾಣುವಂಥವು, ಪಾರ್ಕಿನ್ಸನ್ ಕಾಯಿಲೆಯ ಮಾತ್ರೆ, ಅಪಸ್ಮಾರದ ಮಾತ್ರೆ ಇದ್ದರೆ ವೈದ್ಯರನ್ನು ಮೊದಲೇ ಕೇಳಿ. ಇನ್ಸುಲಿನ್ ಪಂಪ್ ಇದ್ದವರು ವಿಶೇಷ ಎಚ್ಚರ ವಹಿಸಬೇಕು. ಬಹಳಷ್ಟು ಪಂಪ್‌ಗಳು ತಾವಾಗಿ ಸಮಯ ಬದಲಿಸುವುದಿಲ್ಲ, ಕೈಯಿಂದಲೇ ಬದಲಿಸಬೇಕು. ಹಾಗೆ ಬದಲಿಸುವಾಗ ಬೆಳಗ್ಗೆ–ರಾತ್ರಿ ಅದಲುಬದಲಾದರೆ ಹಗಲಿನ ಪ್ರಮಾಣ ನಿದ್ದೆಯಲ್ಲಿ ಹೋಗುತ್ತದೆ. ಬದಲಿಸಿದ ಮೇಲೆ ಇನ್ನೊಬ್ಬರಿಗೆ ಒಮ್ಮೆ ತೋರಿಸಿ.

ಪ್ರಶ್ನೆ: ಗಂಟೆ ಹೊಡೆಯುವ ಹಳೆಯ ಲೋಲಕದ ಗಡಿಯಾರವನ್ನು ಹಿಂದಕ್ಕೆ ತಿರುಗಿಸಬಹುದೇ?

ಉತ್ತರ: ಬೇಡ. ಹೊಡೆಯುವ ಭಾಗದ ಸನ್ನೆಗಳು ಮುಂದಿನ ದಿಕ್ಕಿಗೆ ಮಾತ್ರ ಜಾರುವಂತೆ ಮಾಡಿದವು. ಹಿಂದಕ್ಕೆ ಒತ್ತಿದರೆ ಬಾಗುತ್ತವೆ, ಇಲ್ಲವೇ ಹೊಡೆಯುವ ಸಂಖ್ಯೆ ಮುಳ್ಳಿಗೆ ತಾಳೆಯಾಗದೆ ಹೋಗುತ್ತದೆ. ಶರತ್ಕಾಲದಲ್ಲಿ ಲೋಲಕವನ್ನು ಕೈಯಿಂದ ಮೆಲ್ಲಗೆ ನಿಲ್ಲಿಸಿ, ಸರಿಯಾಗಿ ಒಂದು ಗಂಟೆ ಕಳೆದ ಮೇಲೆ ಮತ್ತೆ ತೂಗಿಬಿಡಿ. ವಸಂತದಲ್ಲಿ ನಿಮಿಷದ ಮುಳ್ಳನ್ನು ಮುಂದಕ್ಕೆ ತಿರುಗಿಸಿ. ಅರ್ಧ ಗಂಟೆಗೆ, ಗಂಟೆಗೆ ನಿಂತು ಹೊಡೆಯುವುದು ಪೂರ್ತಿ ಮುಗಿಯಲಿ, ಆಮೇಲೆ ಮುಂದುವರಿಸಿ. ಗಂಟೆಯ ಮುಳ್ಳನ್ನು ಮುಟ್ಟಬೇಡಿ. ಬ್ಯಾಟರಿ ಗಡಿಯಾರಕ್ಕೆ ಈ ಕಟ್ಟುಪಾಡಿಲ್ಲ.

ಪ್ರಶ್ನೆ: ಅವಳಿ ಮಕ್ಕಳು ಆ ರಾತ್ರಿ ಹುಟ್ಟಿದರೆ ಚಿಕ್ಕದೇ ದೊಡ್ಡದಾಗಿಬಿಡಬಹುದಂತೆ?

ಉತ್ತರ: ಕಾಗದದ ಮೇಲೆ ಆಗಬಹುದು. ಅಮೆರಿಕದ ಶರತ್ಕಾಲದ ರಾತ್ರಿ ಮೊದಲ ಮಗು 1:50ಕ್ಕೆ ಹುಟ್ಟಿ, 25 ನಿಮಿಷದ ನಂತರ ಎರಡನೆಯದು ಹುಟ್ಟಿದರೆ ಗಡಿಯಾರ ತೋರಿಸುವುದು 1:15. ಗಂಟೆಯ ಪಕ್ಕದಲ್ಲಿ 'ಬೇಸಿಗೆ ಸಮಯ', 'ಸ್ಟ್ಯಾಂಡರ್ಡ್' ಎಂದು ಬರೆದರೆ ಗೊಂದಲವಿಲ್ಲ. ಇದೇ ಕಾರಣಕ್ಕೆ ಕೆಲವು ಆಸ್ಪತ್ರೆಗಳು ಮರಳಿ ಬರುವ ಆ ಒಂದು ಗಂಟೆ ಕಂಪ್ಯೂಟರ್ ದಾಖಲೆ ನಿಲ್ಲಿಸಿ ಕಾಗದದಲ್ಲಿ ಬರೆದುಕೊಳ್ಳುತ್ತವೆ. 1:30ಕ್ಕೆ ಕೊಟ್ಟ ಔಷಧಿ ಮೊದಲನೇ 1:30ರದ್ದೋ ಎರಡನೇದ್ದೋ ಎಂದು ಮುಂದಿನ ಪಾಳಿಯ ನರ್ಸ್‌ಗೆ ಗೊತ್ತಾಗಲೇಬೇಕಲ್ಲ.